ಸೋತವರ ಕರ್ತವ್ಯ

ರಾಜ್ಯಾಧಿಕಾರವು ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ಹೋಗುವುದಕ್ಕೆ ಪೂರ್ವಕಾಲದಿಂದಲೂ ಲೋಕವು ಕಂಡಿದ್ದ ಮಾರ್ಗಗಳು ಮುಖ್ಯವಾಗಿ ಮೂರು: ಮರಣ, ಯುದ್ಧ ಮತ್ತು ಒಳಸಂಚು. ತಂದೆ ಕಾಲವಾಗಿ ಮಗನಿಗೆ ಪಟ್ಟವಾಗಬೇಕು. ಇಲ್ಲವೆ ಬಲಿಷ್ಠನೊಬ್ಬನು ಬಂದು ಕೋಟೆಯನ್ನು ಹಿಡಿಯಬೇಕು. ಅದೂ ಇಲ್ಲವಾದರೆ ಮಂತ್ರಿಯೋ ದಾಯಾದಿಯೋ ಅರಮನೆಯೊಳಗೇ ಪಿತೂರಿ ಹೂಡಬೇಕು. ಜೀವದಿಂದಿರುವವನು, ಸೈನ್ಯವನ್ನೂ ಬೊಕ್ಕಸವನ್ನೂ ಕೈಯಲ್ಲಿಟ್ಟುಕೊಂಡಿರುವವನು, ಮತಗಳ ಎಣಿಕೆಯಲ್ಲಿ ತನಗೆ ಕೆಲವು ಕಡಮೆಯಾದುವೆಂಬ ಒಂದೇ ಕಾರಣದಿಂದ ತನ್ನ ಪರಮವೈರಿಗೆ ಅಧಿಕಾರವನ್ನು ಒಪ್ಪಿಸಿ ಮನೆಯ ದಾರಿ ಹಿಡಿಯುವನೆಂದರೆ ಹಿಂದಿನವರು ನಕ್ಕುಬಿಡುತ್ತಿದ್ದರು. ಇಂಗ್ಲೆಂಡಿನಲ್ಲಿ ಮಂತ್ರಿಗಳು ಬದಲಾಗುತ್ತಿದ್ದರು, ನಿಜ. ಆದರೆ ಅವರ ಮೇಲೆ ಕುಳಿತ ದೊರೆ ಬದಲಾಗುತ್ತಿರಲಿಲ್ಲ. ರಾಜ್ಯದ ಅತ್ಯುನ್ನತ ಪೀಠವೇ ಒಂದು ಪಕ್ಷದಿಂದ ಅದರ ವಿರೋಧಪಕ್ಷಕ್ಕೆ ರಕ್ತಪಾತವಿಲ್ಲದೆ ಹೋದದ್ದು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ, 1801ನೆಯ ಇಸವಿ ಮಾರ್ಚ್ 4ನೆಯ ತಾರೀಖಿನಂದು.

ಆ ದಿನವು ಸುಖವಾಗಿ ಬಂದುದಲ್ಲ. ಅದರ ಹಿಂದೆ ಹತ್ತು ಹನ್ನೆರಡು ವರ್ಷಗಳ ದ್ವೇಷವಿದ್ದಿತು. ನಮ್ಮ ವೃತ್ತಿಬಾಂಧವರಾದ ಪತ್ರಿಕಾಕರ್ತರ ಸೆರೆವಾಸವಿದ್ದಿತು. ಅಂತರ್ಯುದ್ಧದ ಅಂಚಿನವರೆಗೆ ಹೋಗಿ ಹಿಂತಿರುಗಿದ ಆರು ದಿನಗಳ ತಳಮಳವಿದ್ದಿತು. ಚುನಾವಣೆಯಲ್ಲಿ ಗೆಲ್ಲುವ ವಿದ್ಯೆಯನ್ನು ಕಲಿಸುವವರು ಎಲ್ಲೆಲ್ಲಿಯೂ ದೊರೆಯುತ್ತಾರೆ. ಸೋಲುವ ವಿದ್ಯೆಯನ್ನು ಕಲಿಸುವವರು ವಿರಳ. ಆದುದರಿಂದ ಈ ಕಥೆಯನ್ನು ವಾಚಕರ ಮುಂದಿಡುವುದು ಯುಕ್ತವೆಂದು ನಮಗೆ ತೋರಿದೆ.

ಪಕ್ಷಗಳ ಹುಟ್ಟು

1787ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಸೇರಿ ರಾಜ್ಯಾಂಗವನ್ನು ರಚಿಸಿದ ಮಹನೀಯರು ಅದರಲ್ಲಿ ಪಕ್ಷವೆಂಬ ಶಬ್ದವನ್ನೇ ತರಲಿಲ್ಲ. ಪಕ್ಷಭಾವವು ರಾಜ್ಯಶರೀರಕ್ಕೆ ತಗಲುವ ಒಂದು ವ್ಯಾಧಿಯೆಂಬುದು ಆ ಕಾಲದವರ ಎಣಿಕೆ. ಅಧ್ಯಕ್ಷನನ್ನು ಆರಿಸಲು ಅವರು ಕಲ್ಪಿಸಿದ ಕ್ರಮವೂ ಅದಕ್ಕೆ ಒಪ್ಪುವಂತೆಯೇ ಇದ್ದಿತು. ಪ್ರತಿಯೊಂದು ಸಂಸ್ಥಾನವೂ ಕೆಲವು ಮಂದಿ ನಿರ್ವಾಚಕರನ್ನು ನೇಮಿಸುವುದು. ಒಬ್ಬೊಬ್ಬ ನಿರ್ವಾಚಕನೂ ಇಬ್ಬರು ಯೋಗ್ಯರಿಗೆ ಒಂದೊಂದು ಮತವನ್ನು ಕೊಡುವುದು. ಅತ್ಯಧಿಕ ಮತಗಳನ್ನು ಪಡೆದವನು ಅಧ್ಯಕ್ಷನಾಗುವುದು, ಅವನ ನಂತರದವನು ಉಪಾಧ್ಯಕ್ಷನಾಗುವುದು. ಇಬ್ಬರಿಗೆ ಮತಗಳು ಸಮನಾದರೆ ಪ್ರತಿನಿಧಿಸಭೆಯು ಸಂಸ್ಥಾನಕ್ಕೆ ಒಂದೊಂದು ಮತದಂತೆ ತೀರ್ಮಾನ ಮಾಡುವುದು. ದೇಶದಲ್ಲಿ ಮೊದಲನೆಯ ಯೋಗ್ಯನು ಆಳಲಿ, ಎರಡನೆಯ ಯೋಗ್ಯನು ಅವನಿಗೆ ನೆರವಾಗಲಿ ಎಂಬುದು ಇದರ ಭಾವ. ಲೆಕ್ಕವು ಸೊಗಸಾಗಿದ್ದಿತು, ಮನುಷ್ಯಸ್ವಭಾವವೊಂದು ಮಾತ್ರ ಲೆಕ್ಕಕ್ಕೆ ಬಿಟ್ಟುಹೋಗಿದ್ದಿತು.

ಮೊದಲನೆಯ ಎರಡು ಸಲ, ಅಂದರೆ 1789ರಲ್ಲಿಯೂ 1792ರಲ್ಲಿಯೂ, ಜಾರ್ಜ್ ವಾಷಿಂಗ್ಟನ್ನರು ಅವಿರೋಧವಾಗಿ ಆರಿಸಲ್ಪಟ್ಟುದರಿಂದ ಈ ಕೊರತೆ ಯಾರ ಕಣ್ಣಿಗೂ ಬೀಳಲಿಲ್ಲ. ಆದರೆ ಅವರ ಮಂತ್ರಾಲೋಚನೆಯ ಮೇಜಿನ ಎರಡು ಬದಿಗಳಲ್ಲಿ ಇಬ್ಬರು ಅಸಾಮಾನ್ಯರು ಕುಳಿತಿದ್ದರು. ಒಬ್ಬರು ಬೊಕ್ಕಸದ ಮಂತ್ರಿಗಳಾದ ಅಲೆಗ್ಸಾಂಡರ್ ಹ್ಯಾಮಿಲ್ಟನ್ನರು. ವೆಸ್ಟ್ ಇಂಡೀಸ್ ದ್ವೀಪವೊಂದರಲ್ಲಿ ಹುಟ್ಟಿ, ಆಸ್ತಿಯಿಲ್ಲದೆ ಬಂದು, ಸ್ವಸಾಮರ್ಥ್ಯದಿಂದ ಮೇಲೇರಿದವರು. ಇನ್ನೊಬ್ಬರು ವಿದೇಶವ್ಯವಹಾರದ ಮಂತ್ರಿಗಳಾದ ಥಾಮಸ್ ಜೆಫರ್ಸನ್ನರು. ವರ್ಜೀನಿಯದ ದೊಡ್ಡ ಜಮೀನುದಾರರು. 1776ರ ಸ್ವಾತಂತ್ರ್ಯಘೋಷಣೆಯನ್ನು ಬರೆದ ಕೈ ಅವರದು.

ಹ್ಯಾಮಿಲ್ಟನ್ನರ ಮತದಂತೆ ಕೇಂದ್ರಸರಕಾರವು ಬಲವಾಗದೆ ದೇಶವು ಉಳಿಯಲಾರದು. ಸರಕಾರವು ಬಲವಾಗಬೇಕಾದರೆ ಹಣವಂತರು ಅದಕ್ಕೆ ಅಂಟಿಕೊಂಡಿರಬೇಕು. ಸ್ವಾತಂತ್ರ್ಯಯುದ್ಧದ ಸಾಲವನ್ನೆಲ್ಲ, ಸಂಸ್ಥಾನಗಳ ಸಾಲವನ್ನೂ ಸೇರಿಸಿ, ಕೇಂದ್ರವೇ ವಹಿಸಿಕೊಂಡು ಸಾಲಪತ್ರಗಳಿಗೆ ಪೂರ್ಣ ಮೌಲ್ಯವನ್ನು ಸಲ್ಲಿಸತಕ್ಕದ್ದೆಂದು ಅವರು ಏರ್ಪಡಿಸಿದರು. 1791ರಲ್ಲಿ ಒಂದು ಕೋಟಿ ಡಾಲರ್ ಮೂಲಧನದ ರಾಷ್ಟ್ರೀಯ ಬ್ಯಾಂಕೊಂದನ್ನು ಇಪ್ಪತ್ತು ವರ್ಷಗಳ ಸನ್ನದಿನ ಮೇಲೆ ಸ್ಥಾಪಿಸಿದರು. ಭಟ್ಟಿಯಿಳಿಸಿದ ಮದ್ಯದ ಮೇಲೆ ತೆರಿಗೆಯನ್ನು ಹಾಕಿದರು. ಇವುಗಳಿಂದ ದೇಶದ ಪತ್ತು ಏರಿದುದು ನಿರ್ವಿವಾದ. ಆದರೆ ಯುದ್ಧದಲ್ಲಿ ರಕ್ತ ಸುರಿಸಿದ ಸಿಪಾಯಿಯು ಸಂಬಳಕ್ಕೆ ಬದಲಾಗಿ ಬಂದ ಸಾಲಪತ್ರವನ್ನು ಹೊಟ್ಟೆಪಾಡಿಗಾಗಿ ಎಂದೋ ಅಗ್ಗಕ್ಕೆ ಮಾರಿಕೊಂಡಿದ್ದನು. ಪೂರ್ಣ ಮೌಲ್ಯವು ಹೋಗಿ ಸೇರಿದುದು ಅದನ್ನು ಕೊಂಡ ಸಟ್ಟಾ ವ್ಯಾಪಾರಿಗೆ. ಪೆನ್ಸಿಲ್ವೇನಿಯದ ಪಡುವಣ ಬೆಟ್ಟಗಳಲ್ಲಿ ಧಾನ್ಯವನ್ನು ಪೇಟೆಗೆ ಸಾಗಿಸಲಾರದೆ ಮದ್ಯವಾಗಿ ಭಟ್ಟಿಯಿಳಿಸಿ ಮಾರುತ್ತಿದ್ದ ಬೇಸಾಯಗಾರರು 1794ರಲ್ಲಿ ತೆರಿಗೆಯ ವಿರುದ್ಧ ದಂಗೆಯೆದ್ದಾಗ ವಾಷಿಂಗ್ಟನ್ನರೇ ದಂಡನ್ನು ಹೊರಡಿಸಬೇಕಾಯಿತು.

ಇದನ್ನೆಲ್ಲ ನೋಡಿದ ಜೆಫರ್ಸನ್ನರಿಗೆ ಇಂಗ್ಲೆಂಡಿನ ರಾಜಪ್ರಭುತ್ವವೇ ಹಿಂಬಾಗಿಲಿನಿಂದ ಒಳಗೆ ಬರುತ್ತಿದೆಯೆಂಬ ಶಂಕೆ ಹುಟ್ಟಿತು. ಅವರಿಗೂ ಜೇಮ್ಸ್ ಮ್ಯಾಡಿಸನ್ನರಿಗೂ ಬೇಸಾಯಗಾರನೇ ಪ್ರಜಾರಾಜ್ಯದ ಬೆನ್ನೆಲುಬು. ಸಂಸ್ಥಾನಗಳ ಹಕ್ಕೇ ಸ್ವಾತಂತ್ರ್ಯದ ಬೇಲಿ. ಅಷ್ಟರಲ್ಲಿ ಫ್ರಾನ್ಸಿನಲ್ಲಿ ಮಹಾಕ್ರಾಂತಿ ನಡೆದು, ಆ ದೇಶಕ್ಕೂ ಇಂಗ್ಲೆಂಡಿಗೂ ಯುದ್ಧ ಹತ್ತಿಕೊಂಡಿತು. ಒಂದು ಕಡೆಯವರಿಗೆ ಫ್ರಾನ್ಸು ಸ್ವಾತಂತ್ರ್ಯದ ಸೋದರಿಯಾಗಿ ಕಂಡಳು, ಇನ್ನೊಂದು ಕಡೆಯವರಿಗೆ ಅರಾಜಕತೆಯ ಮಾರಿಯಾಗಿ. ಹೀಗೆ ಹ್ಯಾಮಿಲ್ಟನ್ನರ ಬಣವು ಫೆಡರಲಿಸ್ಟ್ ಪಕ್ಷವೆಂದೂ ಜೆಫರ್ಸನ್ನರ ಬಣವು ರಿಪಬ್ಲಿಕನ್ ಪಕ್ಷವೆಂದೂ ಹೆಸರು ಪಡೆದವು. 1854ರಲ್ಲಿ ಹುಟ್ಟಿ ಈಗಲೂ ಅಲ್ಲಿರುವ ರಿಪಬ್ಲಿಕನ್ ಪಕ್ಷಕ್ಕೂ ಇದಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ.

ಪತ್ರಿಕೆಗಳೂ ಎರಡಾದವು. ಜಾನ್ ಫೆನ್ನೊ ಎಂಬವರ ಪತ್ರಿಕೆಗೆ ಬೊಕ್ಕಸದ ಇಲಾಖೆಯ ಮುದ್ರಣದ ಕೆಲಸ ದೊರೆಯುತ್ತಿದ್ದಿತು. ಅದು ಹ್ಯಾಮಿಲ್ಟನ್ನರನ್ನು ಕೊಂಡಾಡುತ್ತಿದ್ದಿತು. 1791ರಲ್ಲಿ ಫಿಲಿಪ್ ಫ್ರೆನೊ ಎಂಬ ಕವಿ ಮತ್ತೊಂದು ಪತ್ರಿಕೆಯನ್ನು ಹೊರಡಿಸಿದರು. ಅವರಿಗೆ ಜೆಫರ್ಸನ್ನರ ಇಲಾಖೆಯಲ್ಲಿ ವರ್ಷಕ್ಕೆ 250 ಡಾಲರ್ ಸಂಬಳದ ಭಾಷಾಂತರಕಾರನ ಕೆಲಸವಿದ್ದಿತು. ಒಂದೇ ಸರಕಾರದ ಒಂದು ಇಲಾಖೆಯ ಅನ್ನವನ್ನುಂಡ ಪತ್ರಿಕೆಯು ಇನ್ನೊಂದು ಇಲಾಖೆಯನ್ನು ದಿನವೂ ಬಯ್ಯುತ್ತಿದ್ದ ವಿಚಿತ್ರವನ್ನು ಮುದುಕರಾಗುತ್ತಿದ್ದ ವಾಷಿಂಗ್ಟನ್ನರು ಸಹಿಸಬೇಕಾಯಿತು. 1796ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಅವರ ಬೀಳ್ಕೊಡುಗೆಯ ಸಂದೇಶದಲ್ಲಿ ಪಕ್ಷದ್ವೇಷವನ್ನು ಕುರಿತ ಎಚ್ಚರಿಕೆ ಅಷ್ಟು ಕಟುವಾಗಿರುವುದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ.

ರಾಜದ್ರೋಹದ ಕಾಯಿದೆ

ವಾಷಿಂಗ್ಟನ್ನರು ಹಿಂದೆ ಸರಿದೊಡನೆ ರಾಜ್ಯಾಂಗದ ಕೊರತೆಯು ಬಯಲಿಗೆ ಬಂದಿತು. 1796ರ ಚುನಾವಣೆಯಲ್ಲಿ ಫೆಡರಲಿಸ್ಟರಾದ ಜಾನ್ ಆಡಮ್ಸರಿಗೆ 71 ಮತಗಳು, ಜೆಫರ್ಸನ್ನರಿಗೆ 68. ನಿಯಮದಂತೆ ಮೊದಲನೆಯವರು ಅಧ್ಯಕ್ಷರು, ಎರಡನೆಯವರು ಉಪಾಧ್ಯಕ್ಷರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನವು ರಾಜ್ಯಚರಿತ್ರೆಯಲ್ಲಿ ಸಿಕ್ಕುವುದು ಕಷ್ಟ.

ಆಡಮ್ಸರು ಪ್ರಾಮಾಣಿಕರು, ವಿದ್ವಾಂಸರು, ಮುಂಗೋಪಿಗಳು. ಅವರು ಫ್ರಾನ್ಸಿಗೆ ಕಳುಹಿಸಿದ ರಾಯಭಾರಿಗಳಿಂದ ಅಲ್ಲಿನ ಅಧಿಕಾರಿಗಳ ದಲ್ಲಾಳಿಗಳು ಲಂಚ ಕೇಳಿದರೆಂಬ ಸುದ್ದಿ 1798ರಲ್ಲಿ ಹೊರಬಿದ್ದಾಗ ದೇಶದಲ್ಲಿ ಯುದ್ಧದ ಕೂಗೆದ್ದಿತು. ಸಮುದ್ರದ ಮೇಲೆ ಯುದ್ಧ ಘೋಷಣೆಯಿಲ್ಲದೆಯೇ ಹಡಗುಗಳ ಕಾದಾಟ ನಡೆಯಿತು. ಈ ಕಾವಿನಲ್ಲಿ ಕಾಂಗ್ರೆಸ್ಸು, ಅಂದರೆ ಆ ದೇಶದ ಶಾಸನಸಭೆಯು, ಕೆಲವು ಕಾಯಿದೆಗಳನ್ನು ಮಾಡಿತು. ಒಂದು ಕಾಯಿದೆಯು ವಲಸೆ ಬಂದವರು ಪೌರತ್ವಕ್ಕಾಗಿ ಕಾಯಬೇಕಾದ ಅವಧಿಯನ್ನು ಐದು ವರ್ಷಗಳಿಂದ ಹದಿನಾಲ್ಕಕ್ಕೆ ಏರಿಸಿತು. ಹೊಸಬರು ಹೆಚ್ಚಾಗಿ ಜೆಫರ್ಸನ್ನರ ಕಡೆಗೆ ವಾಲುತ್ತಿದ್ದುದೇ ಇದರ ಗುಟ್ಟು. ಮತ್ತೊಂದು, ಜುಲೈ 14ರಂದು ಆಡಮ್ಸರ ರುಜುವನ್ನು ಪಡೆದ ರಾಜದ್ರೋಹದ ಕಾಯಿದೆ. ಸರಕಾರದ ಮೇಲಾಗಲಿ, ಕಾಂಗ್ರೆಸ್ಸಿನ ಮೇಲಾಗಲಿ, ಅಧ್ಯಕ್ಷನ ಮೇಲಾಗಲಿ ದುರುದ್ದೇಶದಿಂದ ಸುಳ್ಳು ನಿಂದೆಯನ್ನು ಬರೆದವರಿಗೆ, ಅಚ್ಚು ಹಾಕಿದವರಿಗೆ ಎರಡು ವರ್ಷಗಳವರೆಗೆ ಸೆರೆ, 2,000 ಡಾಲರುಗಳವರೆಗೆ ಜುಲ್ಮಾನೆ.

ಈ ಕಾಯಿದೆಯ ಎರಡು ಸೂಕ್ಷ್ಮಗಳನ್ನು ವಾಚಕರು ಗಮನಿಸಬೇಕು. ಅದು ಯಾರ ಯಾರ ಮಾನವನ್ನು ಕಾಯುವುದೆಂದು ಹೇಳುವ ಪಟ್ಟಿಯಲ್ಲಿ ಉಪಾಧ್ಯಕ್ಷನ ಹೆಸರಿಲ್ಲ. ಆ ಪದವಿಯಲ್ಲಿ ಜೆಫರ್ಸನ್ನರಿದ್ದರಷ್ಟೆ. ಎರಡನೆಯದಾಗಿ, ಅದರ ಆಯುಸ್ಸು 1801ರ ಮಾರ್ಚ್ 3ನೆಯ ತಾರೀಖಿಗೆ, ಅಂದರೆ ಆಡಮ್ಸರ ಅಧಿಕಾರಾವಧಿಯ ಕಡೆಯ ದಿನಕ್ಕೆ, ತಾನಾಗಿಯೇ ಮುಗಿಯುವಂತಿದ್ದಿತು. ತಾವು ಸೋತರೆ ಈ ಖಡ್ಗವು ಎದುರಾಳಿಯ ಕೈಗೆ ಸಿಕ್ಕದಿರಲೆಂಬ ಮುಂದಾಲೋಚನೆ. ದೇಶರಕ್ಷಣೆಗಾಗಿ ಮಾಡಿದ ಕಾಯಿದೆಗೆ ಇಂಥ ಲಕ್ಷಣಗಳಿರುವುದಿಲ್ಲ.

ರಾಜದ್ರೋಹವೆಂಬ ಶಬ್ದದ ಭಾರವನ್ನು ಲೋಕಮಾನ್ಯ ತಿಲಕರು 1908ರಲ್ಲಿ ಆರು ವರ್ಷಗಳ ಶಿಕ್ಷೆಗೊಳಗಾಗಿ ಮಂಡಾಲೆಗೆ ಹೋದುದನ್ನು ಬಲ್ಲ ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ಅಮೆರಿಕದ ಕಾಯಿದೆಯಲ್ಲಿ ಬರೆದುದು ನಿಜವೆಂದು ರುಜುವಾತುಪಡಿಸಿದರೆ ಬಿಡುಗಡೆಯೆಂಬ ಸೌಲಭ್ಯವಿದ್ದಿತು. ಆದರೆ ಅಭಿಪ್ರಾಯವನ್ನು ನಿಜವೆಂದು ರುಜುವಾತುಪಡಿಸುವ ಸಾಕ್ಷಿಯನ್ನು ಎಲ್ಲಿಂದ ತರುವುದು? ಅಧ್ಯಕ್ಷರಿಗೆ ಆಡಂಬರದ ಹಂಬಲವಿದೆಯೆಂದು ಬರೆದ ವರ್ಮಾಂಟ್ ಸಂಸ್ಥಾನದ ಪ್ರತಿನಿಧಿ ಮ್ಯಾಥ್ಯೂ ಲಯನ್ನರಿಗೆ ನಾಲ್ಕು ತಿಂಗಳು ಸೆರೆ, 1,000 ಡಾಲರ್ ಜುಲ್ಮಾನೆ. ಪೆನ್ಸಿಲ್ವೇನಿಯದ ಥಾಮಸ್ ಕೂಪರರಿಗೆ ಆರು ತಿಂಗಳು, 400 ಡಾಲರ್. ಬೆಂಜಮಿನ್ ಫ್ರಾಂಕ್ಲಿನ್ನರ ಮೊಮ್ಮಗನೂ ‘ಅರೋರಾ’ ಪತ್ರಿಕೆಯ ಕರ್ತನೂ ಆದ ಬಾಶ್ ಎಂಬವರನ್ನು ಈ ಕಾಯಿದೆಗೂ ಮೊದಲೇ ಹಿಡಿದಿದ್ದರು. ವಿಚಾರಣೆಗೆ ಮುಂಚೆ ಫಿಲಡೆಲ್ಫಿಯಾದ ಪೀತಜ್ವರವು ಅವರನ್ನು ಕೊಂಡೊಯ್ದಿತು. ನ್ಯೂಆರ್ಕ್ ಊರಿನಲ್ಲಿ ಅಧ್ಯಕ್ಷರ ಗೌರವಾರ್ಥವಾಗಿ ತೋಪು ಹಾರಿಸುತ್ತಿದ್ದಾಗ, ಗುಂಡು ಅವರ ಹಿಂಭಾಗಕ್ಕೆ ತಗುಲಿದರೂ ತನಗೇನೂ ಚಿಂತೆಯಿಲ್ಲವೆಂದು ಅಮಲಿನಲ್ಲಿ ಆಡಿದ ಲೂಥರ್ ಬಾಲ್ಡ್‌ವಿನ್ ಎಂಬವನೂ ಜುಲ್ಮಾನೆ ತೆತ್ತನು. ಕುಡುಕನ ಮಾತಿಗೂ ನಡುಗುವ ಸರಕಾರವು ತನ್ನ ಬಲವನ್ನು ತಾನೇ ಸಾರಿ ಹೇಳಿದಂತಾಯಿತು.

ಪತ್ರಿಕೆಗಳು ನಿರಪರಾಧಿಗಳಾಗಿದ್ದುವೆಂದು ನಾವು ಹೇಳುವುದಿಲ್ಲ. ಅಂದಿನ ಪತ್ರಿಕೆಗಳಲ್ಲಿ ಸುದ್ದಿಗಿಂತ ಬಯ್ಗುಳವೇ ಹೆಚ್ಚು. ಜೆಫರ್ಸನ್ನರು ಹಣ ಕೊಟ್ಟು ಪ್ರೋತ್ಸಾಹಿಸಿದ ಜೇಮ್ಸ್ ಕ್ಯಾಲೆಂಡರ್ ಎಂಬ ಲೇಖಕನು ಆಡಮ್ಸರನ್ನು ನಿಂದಿಸಿ ಒಂಬತ್ತು ತಿಂಗಳು ಸೆರೆಯಲ್ಲಿದ್ದನು. ಮುಂದೆ ತಾನು ಬಯಸಿದ ಅಂಚೆಯ ಉದ್ಯೋಗ ದೊರೆಯದೆ ಹೋಗಲು ಅದೇ ಲೇಖನಿಯನ್ನು ಜೆಫರ್ಸನ್ನರ ಮೇಲೆಯೇ ತಿರುಗಿಸಿದನು. ಬಾಡಿಗೆಯ ನಾಲಗೆಗೆ ಒಡೆಯನು ಯಾವನೂ ಶಾಶ್ವತನಲ್ಲ. ಆದರೂ ಕೆಟ್ಟ ಪತ್ರಿಕೆಗೆ ಮದ್ದು ಸೆರೆಮನೆಯಲ್ಲವೆಂಬುದು ಅಲ್ಲಿ ಬೇಗನೆ ತಿಳಿದುಬಂದಿತು. ಬಾಯಿ ಮುಚ್ಚಿಸಹೊರಟ ಕಾಯಿದೆಯಿಂದ ವಿರೋಧಪಕ್ಷದ ಪತ್ರಿಕೆಗಳು ಹೆಚ್ಚಿದವೇ ಹೊರತು ಕಡಮೆಯಾಗಲಿಲ್ಲ. ಲಯನ್ನರನ್ನಂತೂ ಅವರು ಸೆರೆಮನೆಯಲ್ಲಿದ್ದಾಗಲೇ ವರ್ಮಾಂಟಿನ ಜನರು ಮತ್ತೆ ಕಾಂಗ್ರೆಸ್ಸಿಗೆ ಆರಿಸಿ ಕಳುಹಿಸಿದರು. ಈ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದರಿಂದ ಕೆಲಸವಿದೆ.

ಎಪ್ಪತ್ತಮೂರಕ್ಕೆ ಎಪ್ಪತ್ತಮೂರು

1800ರ ಚುನಾವಣೆ ಈ ಹಿನ್ನೆಲೆಯಲ್ಲಿ ಬಂದಿತು. ಉಮೇದುವಾರರು ತಾವೇ ಊರೂರು ತಿರುಗಿ ಮತ ಯಾಚಿಸುವುದು ಆ ಕಾಲದಲ್ಲಿ ಮಾನಗೇಡೆನಿಸುತ್ತಿದ್ದುದರಿಂದ ಅವರ ಪರವಾಗಿ ಪತ್ರಿಕೆಗಳೂ ಕರಪತ್ರಗಳೂ ಕಾದಾಡಿದವು. ಜೆಫರ್ಸನ್ ನಾಸ್ತಿಕನು, ಅವನು ಗೆದ್ದರೆ ಧರ್ಮ ಮುಳುಗಿತು ಎಂದು ಒಂದು ಕಡೆ; ಆಡಮ್ಸ್ ರಾಜಪದವಿಗೆ ಹಾತೊರೆಯುವವನು ಎಂದು ಇನ್ನೊಂದು ಕಡೆ. ಇಬ್ಬರೂ ಸ್ವಾತಂತ್ರ್ಯಘೋಷಣೆಗೆ ಒಟ್ಟಿಗೆ ರುಜು ಹಾಕಿದವರೆಂಬುದು ಯಾರಿಗೂ ನೆನಪಿದ್ದಂತೆ ತೋರಲಿಲ್ಲ.

ಆಡಮ್ಸರನ್ನು ಕೆಡವಿದುದರಲ್ಲಿ ವಿರೋಧಿಗಳ ಪಾಲೆಷ್ಟೋ ಸ್ವಪಕ್ಷದವರ ಪಾಲೂ ಅಷ್ಟೇ. ಫ್ರಾನ್ಸಿನೊಡನೆ ಯುದ್ಧವಾಗಬೇಕೆಂದು ಹ್ಯಾಮಿಲ್ಟನ್ನರ ಬಣವು ಹಟ ಹಿಡಿದಿದ್ದಾಗ ಆಡಮ್ಸರು ಸಂಧಾನಕ್ಕೆ ರಾಯಭಾರಿಗಳನ್ನು ಕಳುಹಿಸಿದರು. 1800ರ ಸೆಪ್ಟೆಂಬರಿನಲ್ಲಿ ಒಪ್ಪಂದವೂ ಆಯಿತು. ದೇಶಕ್ಕೆ ಶಾಂತಿ ದೊರೆಯಿತು, ಅವರ ಪಕ್ಷವು ಒಡೆಯಿತು. ಚುನಾವಣೆಯ ಹೊತ್ತಿಗೆ ಹ್ಯಾಮಿಲ್ಟನ್ನರು ತಮ್ಮ ಪಕ್ಷದ ಅಧ್ಯಕ್ಷರನ್ನೇ ಖಂಡಿಸಿ ಬರೆದ ದೀರ್ಘ ಪತ್ರವೊಂದು ಅಚ್ಚಾಗಿ ಬೀದಿಗೆ ಬಂದಿತು. ಇನ್ನೊಂದು ಕಡೆ ನ್ಯೂಯಾರ್ಕ್ ನಗರದಲ್ಲಿ ಆರನ್ ಬರ್ ಎಂಬ ಚತುರ ವಕೀಲರು ಬೀದಿಬೀದಿಯ ಮತದಾರರ ಪಟ್ಟಿ ಹಿಡಿದು ದುಡಿದು, ಸಂಸ್ಥಾನದ ಶಾಸನಸಭೆಯನ್ನು ರಿಪಬ್ಲಿಕನ್ನರಿಗೆ ಗೆದ್ದುಕೊಟ್ಟರು. ನಿರ್ವಾಚಕರನ್ನು ನೇಮಿಸುವ ಹಕ್ಕು ಅಲ್ಲಿ ಆ ಸಭೆಗೇ ಇದ್ದುದರಿಂದ ನ್ಯೂಯಾರ್ಕಿನ 12 ಮತಗಳೂ ಪಕ್ಷಾಂತರ ಹೊಂದಿದವು.

ಎಣಿಕೆಯಾದಾಗ ಜೆಫರ್ಸನ್ನರಿಗೆ 73, ಅವರ ಪಕ್ಷವು ಉಪಾಧ್ಯಕ್ಷಪದವಿಗೆಂದು ನಿಲ್ಲಿಸಿದ್ದ ಬರ್ ಅವರಿಗೂ 73, ಆಡಮ್ಸರಿಗೆ 65, ಅವರ ಜೊತೆಗಾರ ಪಿಂಕ್ನಿಯವರಿಗೆ 64, ಜಾನ್ ಜೇ ಅವರಿಗೆ 1. ಫೆಡರಲಿಸ್ಟರು ಒಂದು ಮತವನ್ನು ಬೇರೆಯವರಿಗೆ ಹಾಕಿಸಿ ತಮ್ಮವರಲ್ಲಿ ಮೊದಲು ಯಾರು ಎರಡನೆಯವರು ಯಾರು ಎಂಬುದನ್ನು ಖಚಿತಪಡಿಸಿಕೊಂಡಿದ್ದರು. ರಿಪಬ್ಲಿಕನ್ನರ ಶಿಸ್ತು ಎಷ್ಟು ಬಿಗಿಯಾಗಿದ್ದಿತೆಂದರೆ ಪ್ರತಿಯೊಬ್ಬ ನಿರ್ವಾಚಕನೂ ಇಬ್ಬರಿಗೂ ಮತ ಹಾಕಿ ಗೆಲುವನ್ನೇ ಗಂಡಾಂತರಕ್ಕೆ ಒಡ್ಡಿದನು. ಪಕ್ಷಗಳನ್ನೇ ಕಾಣದ ರಾಜ್ಯಾಂಗದ ದೃಷ್ಟಿಯಲ್ಲಿ ಜೆಫರ್ಸನ್ನರೂ ಬರ್ ಅವರೂ ಸಮಾನರು. ತೀರ್ಮಾನವು ಪ್ರತಿನಿಧಿಸಭೆಗೆ ಹೋಯಿತು. ಆ ಸಭೆಯಲ್ಲಿ ಸದಸ್ಯಸಂಖ್ಯೆಯ ಬಹುಮತವು ಸೋತ ಫೆಡರಲಿಸ್ಟರದು! ಅಧ್ಯಕ್ಷರಾಗುವುದು ತಾವೆಂದು ಬರ್ ಅವರು ಹೇಳಲಿಲ್ಲ, ತಮಗೆ ಬೇಡವೆಂದೂ ಸ್ಪಷ್ಟವಾಗಿ ಹೇಳಲಿಲ್ಲ. ಆ ಮೌನವು ಎಲ್ಲಕ್ಕೂ ಎಡೆಗೊಟ್ಟಿತು.

1801ರ ಫೆಬ್ರವರಿ 11ರಂದು, ಅರೆಕಟ್ಟಿದ ವಾಷಿಂಗ್ಟನ್ ನಗರದ ಅರೆಕಟ್ಟಿದ ಶಾಸನಭವನದಲ್ಲಿ ಮತದಾನವು ಆರಂಭವಾಯಿತು. ಇದ್ದ ಸಂಸ್ಥಾನಗಳು 16. ಗೆಲ್ಲಲು ಬೇಕಾದವು 9. ಜೆಫರ್ಸನ್ನರಿಗೆ 8, ಬರ್ ಅವರಿಗೆ 6; ವರ್ಮಾಂಟ್ ಮತ್ತು ಮೇರಿಲೆಂಡ್ ಸಂಸ್ಥಾನಗಳ ಪ್ರತಿನಿಧಿಗಳು ಸರಿಸಮನಾಗಿ ಒಡೆದುದರಿಂದ ಆ ಎರಡರ ಮತ ಯಾರಿಗೂ ಇಲ್ಲ. ಮಧ್ಯಾಹ್ನ ತೊಡಗಿದ ಮತದಾನವು ರಾತ್ರಿಯಿಡೀ ನಡೆಯಿತು. ಮೇರಿಲೆಂಡಿನ ಜೋಸೆಫ್ ನಿಕೊಲ್ಸನ್ನರು ಜ್ವರದಿಂದ ಹಾಸಿಗೆ ಹಿಡಿದಿದ್ದರು. ಅವರು ಬಾರದಿದ್ದರೆ ಆ ಸಂಸ್ಥಾನವು ಬರ್ ಅವರ ಪಾಲಾಗುವಂತಿದ್ದಿತು. ಆದುದರಿಂದ ಹಿಮದ ನಡುವೆ ಅವರನ್ನು ಹೊತ್ತು ತಂದು ಪಕ್ಕದ ಕೊಠಡಿಯಲ್ಲಿ ಮಲಗಿಸಿದರು. ಹೆಂಡತಿ ಪಕ್ಕದಲ್ಲಿ ಕುಳಿತು ಶುಶ್ರೂಷೆ ಮಾಡುತ್ತಿರಲು ಅವರು ಮಲಗಿದಲ್ಲಿಂದಲೇ ಚೀಟಿ ಬರೆದು ಕೊಡುತ್ತಿದ್ದರು. ಒಂದು ಸಲ, ಹತ್ತು ಸಲ, ಇಪ್ಪತ್ತು ಸಲ, ಮೂವತ್ತೈದು ಸಲ ಮತ ತೆಗೆದರೂ ಎಣಿಕೆಯು ಕದಲಲಿಲ್ಲ.

ಮಾರ್ಚ್ 4 ಸಮೀಪಿಸುತ್ತಿದ್ದಿತು. ಅಂದಿಗೆ ಅಧ್ಯಕ್ಷನೇ ಇಲ್ಲದೆ ಹೋದರೆ ಯಾರು ಆಳುವುದು? ಸಭೆಯು ಹೊರಗಿನವನೊಬ್ಬನನ್ನು ಪೀಠಕ್ಕೇರಿಸಲಿದೆಯೆಂಬ ವದಂತಿ ಹಬ್ಬಿತು. ಹಾಗೇನಾದರೂ ಆದರೆ ಎದುರಿಸಲು ಪೆನ್ಸಿಲ್ವೇನಿಯ ಮತ್ತು ವರ್ಜೀನಿಯ ಸಂಸ್ಥಾನಗಳ ಗವರ್ನರುಗಳು ತಮ್ಮ ನಾಡಪಡೆಗಳನ್ನು ಸಜ್ಜುಗೊಳಿಸುವ ಆಲೋಚನೆಯಲ್ಲಿದ್ದರು. ರಾಜ್ಯಾಂಗಕ್ಕೆ ಹದಿಮೂರು ವರ್ಷ ತುಂಬುವುದರೊಳಗೆ ತೀರ್ಪು ಕತ್ತಿಯ ಪಾಲಾಗುವ ಲಕ್ಷಣಗಳು ತೋರಿದವು.

ಈ ಸಂದಿಗ್ಧದಲ್ಲಿ ಮುಂದೆ ಬಂದವರು ಜೆಫರ್ಸನ್ನರ ಬದ್ಧವೈರಿಗಳಾದ ಹ್ಯಾಮಿಲ್ಟನ್ನರೇ. ಅವರು ಸ್ವಪಕ್ಷದ ಪ್ರತಿನಿಧಿಗಳಿಗೆ ಪತ್ರದ ಮೇಲೆ ಪತ್ರ ಬರೆದು, ಜೆಫರ್ಸನ್ನರ ತತ್ತ್ವಗಳು ತಪ್ಪಾದರೂ ಅವರಿಗೆ ತತ್ತ್ವಗಳೆಂಬುವು ಇವೆ, ಬರ್ ಅವರಿಗೆ ಸ್ವಾರ್ಥದ ಹೊರತು ಬೇರೆ ತತ್ತ್ವವಿಲ್ಲ ಎಂಬರ್ಥದ ಮಾತುಗಳಿಂದ ಎಚ್ಚರಿಸಿದರು. ಕಡೆಗೆ ಮನಸ್ಸು ಬದಲಾಯಿಸಿದವರು ಡೆಲವೇರ್ ಸಂಸ್ಥಾನದ ಏಕೈಕ ಪ್ರತಿನಿಧಿಯಾದ ಫೆಡರಲಿಸ್ಟ್ ಜೇಮ್ಸ್ ಬೇಯರ್ಡರು. ಜೆಫರ್ಸನ್ನರ ಕಡೆಯಿಂದ ಕೆಲವು ಆಶ್ವಾಸನೆಗಳು ತಮಗೆ ದೊರೆತಿದ್ದುವೆಂದು ಅವರು ಅನಂತರ ಹೇಳಿದರು. ಜೆಫರ್ಸನ್ನರು ಅದನ್ನು ಅಲ್ಲಗಳೆದರು. ಅದು ಹೇಗಾದರೂ ಇರಲಿ, ರಾಜ್ಯಾಂಗವನ್ನು ಅಪಾಯಕ್ಕೊಡ್ಡಲು ಬೇಯರ್ಡರು ಒಪ್ಪಲಿಲ್ಲ. ಫೆಬ್ರವರಿ 17ರಂದು ಮೂವತ್ತಾರನೆಯ ಸಲ ಮತ ತೆಗೆದಾಗ ಡೆಲವೇರ್ ಮತ್ತು ದಕ್ಷಿಣ ಕ್ಯಾರೊಲೈನಗಳು ಖಾಲಿ ಚೀಟಿ ಹಾಕಿದವು. ಮೇರಿಲೆಂಡಿನ ಫೆಡರಲಿಸ್ಟರು ಮತ ಕೊಡದೆ ಸುಮ್ಮನಾದರು. ವರ್ಮಾಂಟಿನ ಇಬ್ಬರು ಪ್ರತಿನಿಧಿಗಳಲ್ಲಿ ಫೆಡರಲಿಸ್ಟರಾದ ಲೂಯಿಸ್ ಮಾರಿಸರು ಸಭೆಗೇ ಬಾರದೆ ಉಳಿದರು. ಉಳಿದ ಇನ್ನೊಬ್ಬರು ಯಾರು? ಸೆರೆಮನೆಯಲ್ಲಿದ್ದಾಗ ಆರಿಸಿಬಂದ ಮ್ಯಾಥ್ಯೂ ಲಯನ್ನರು. ವರ್ಮಾಂಟಿನ ಮತವನ್ನು ಅವರೊಬ್ಬರೇ ಜೆಫರ್ಸನ್ನರಿಗೆ ಹಾಕಿದರು. ಜೆಫರ್ಸನ್ನರಿಗೆ 10 ಸಂಸ್ಥಾನಗಳು, ಬರ್ ಅವರಿಗೆ 4. ಸರಕಾರವು ಬೀಗ ಹಾಕಿ ಕೂಡಿಟ್ಟಿದ್ದ ಬಾಯಿಯೇ ಸರಕಾರದ ಬದಲಾವಣೆಯನ್ನು ಉಚ್ಚರಿಸಿತು.

ಹಸ್ತಾಂತರ

ಮಾರ್ಚ್ 4ರ ಬೆಳಗಿನ ಜಾವ ನಾಲ್ಕು ಗಂಟೆಗೆ ಆಡಮ್ಸರು ಗಾಡಿ ಹತ್ತಿ ಊರು ಬಿಟ್ಟರು. ಮಧ್ಯಾಹ್ನ ಜೆಫರ್ಸನ್ನರು ತಾವಿಳಿದಿದ್ದ ಊಟದ ಮನೆಯಿಂದ ಕಾಲ್ನಡಿಗೆಯಲ್ಲಿಯೇ ಶಾಸನಭವನಕ್ಕೆ ಹೋದರು. ಪ್ರಮಾಣವಚನವನ್ನು ಬೋಧಿಸಿದವರು ಆಡಮ್ಸರು ಕೆಲವೇ ವಾರಗಳ ಹಿಂದೆ ಮುಖ್ಯ ನ್ಯಾಯಾಧೀಶರನ್ನಾಗಿ ನೇಮಿಸಿದ್ದ ಜಾನ್ ಮಾರ್ಷಲ್ಲರು, ಅವರೂ ಫೆಡರಲಿಸ್ಟರು. ತಮ್ಮ ಭಾಷಣದಲ್ಲಿ ಜೆಫರ್ಸನ್ನರು ಅಭಿಪ್ರಾಯಭೇದಗಳೆಲ್ಲ ತತ್ತ್ವಭೇದಗಳಲ್ಲವೆಂದೂ, ತಾವೆಲ್ಲರೂ ಎರಡು ಪಕ್ಷಗಳಿಗೂ ಸೇರಿದವರೇ ಎಂದೂ, ಈ ಒಕ್ಕೂಟವನ್ನು ಒಡೆಯಬಯಸುವವರು ಯಾರಾದರೂ ಇದ್ದರೆ ಅವರೂ ನಿರಾತಂಕವಾಗಿರಲಿ, ವಿವೇಕಕ್ಕೆ ವಾದಿಸುವ ಸ್ವಾತಂತ್ರ್ಯವಿರುವಲ್ಲಿ ತಪ್ಪು ಅಭಿಪ್ರಾಯದ ಭಯವಿಲ್ಲವೆಂದೂ ನುಡಿದರು. ರಾಜದ್ರೋಹದ ಕಾಯಿದೆಯಂತೆ ಶಿಕ್ಷೆ ಹೊಂದಿದವರಿಗೆ ಕ್ಷಮಾದಾನವಾಯಿತು.

ಆಡಮ್ಸರು ಉತ್ತರಾಧಿಕಾರಿಯ ಪ್ರಮಾಣವಚನಕ್ಕೆ ನಿಲ್ಲದೆ ಹೋದುದು ಶ್ಲಾಘ್ಯವಲ್ಲ. ಕಡೆಯ ದಿನಗಳಲ್ಲಿ ಸ್ವಪಕ್ಷದವರನ್ನು ಹೊಸ ನ್ಯಾಯಾಧೀಶರ ಪೀಠಗಳಲ್ಲಿ ತುಂಬಿದುದೂ ಶ್ಲಾಘ್ಯವಲ್ಲ. ಆದರೆ ನ್ಯಾಯವಾಗಿ ತೂಗಿ ನೋಡಿದರೆ ಆ ಅರುವತ್ತೈದು ವರ್ಷದ ಮುದುಕರನ್ನು ನಾವು ಗೌರವಿಸಲೇಬೇಕು. ಹಿಂದಿನ ನವೆಂಬರಿನಲ್ಲಿಯೇ ಅವರು ಬೆಳೆದ ಮಗನನ್ನು ಕಳೆದುಕೊಂಡಿದ್ದರು. ಸ್ವಪಕ್ಷದವರೇ ಅವರನ್ನು ಕೈಬಿಟ್ಟಿದ್ದರು. ಆ ಆರು ದಿನಗಳ ಗೊಂದಲವನ್ನು ತಮ್ಮ ಲಾಭಕ್ಕೆ ತಿರುಗಿಸಿಕೊಳ್ಳಲು ಅವರು ಬೆರಳನ್ನೂ ಎತ್ತಲಿಲ್ಲ. ಮನಸ್ಸು ಮುರಿದುಕೊಂಡು ಹೋದರು, ನಿಜ, ಆದರೆ ಹೋದರು. ಪ್ರಜಾರಾಜ್ಯವು ಸೋತವನಿಂದ ಮುಗುಳುನಗೆಯನ್ನು ಕೇಳುವುದಿಲ್ಲ. ಬೀಗದ ಕೈಯನ್ನು ಕೇಳುತ್ತದೆ.

ಗೆದ್ದವರ ಪರೀಕ್ಷೆಯೂ ಬೇಗನೆ ಬಂದಿತು. ಪತ್ರಿಕಾಸ್ವಾತಂತ್ರ್ಯದ ಹೆಸರಿನಲ್ಲಿ ಗೆದ್ದ ಜೆಫರ್ಸನ್ನರು 1803ರಲ್ಲಿ ಪೆನ್ಸಿಲ್ವೇನಿಯದ ಗವರ್ನರಿಗೆ ಬರೆದ ಖಾಸಗಿ ಕಾಗದದಲ್ಲಿ, ಆಯ್ದ ಕೆಲವು ಪತ್ರಿಕೆಗಳ ಮೇಲೆ ಸಂಸ್ಥಾನದ ಕೋರ್ಟುಗಳಲ್ಲಿ ಮೊಕದ್ದಮೆ ಹೂಡಿದರೆ ಒಳ್ಳೆಯದಾದೀತೆಂದು ಸೂಚಿಸಿದರು. ನ್ಯೂಯಾರ್ಕ್ ಸಂಸ್ಥಾನದಲ್ಲಿ ‘ವಾಸ್ಪ್’ ಎಂಬ ಫೆಡರಲಿಸ್ಟ್ ಪತ್ರಿಕೆಯ ಕರ್ತನಾದ ಹ್ಯಾರಿ ಕ್ರಾಸ್‌ವೆಲ್ ಎಂಬವನ ಮೇಲೆ ಮಾನನಷ್ಟದ ಮೊಕದ್ದಮೆ ನಡೆಯಿತು. ಅಲ್ಲಿನ ನ್ಯಾಯಕ್ರಮದಲ್ಲಿ ಬರೆದುದು ನಿಜವೆಂದು ತೋರಿಸುವ ಅವಕಾಶವೂ ಇಲ್ಲ. 1804ರಲ್ಲಿ ಅವನ ಪರವಾಗಿ ವಾದಿಸಿದವರು ಹ್ಯಾಮಿಲ್ಟನ್ನರು! ನ್ಯಾಯಾಧೀಶರು ಸಮಸಮವಾಗಿ ಒಡೆದರು. ಆದರೆ ಮರುವರ್ಷವೇ ಆ ಸಂಸ್ಥಾನವು ಸದುದ್ದೇಶದಿಂದ ಬರೆದ ಸತ್ಯವು ಅಪರಾಧವಲ್ಲವೆಂದು ಶಾಸನ ಮಾಡಿತು. ಅಧಿಕಾರದಲ್ಲಿರುವವರಿಗೆ ಪತ್ರಿಕೆಯು ಕಹಿ, ಅಧಿಕಾರವನ್ನು ಕಳೆದುಕೊಂಡವರಿಗೆ ಅದೇ ಪತ್ರಿಕೆಯು ಪರಮೌಷಧ. ಆದುದರಿಂದ ಪತ್ರಿಕಾಸ್ವಾತಂತ್ರ್ಯದ ರಕ್ಷಣೆಯನ್ನು ಯಾವ ಪಕ್ಷದ ಒಳ್ಳೆಯತನಕ್ಕೂ ವಹಿಸಿಬಿಡುವಂತಿಲ್ಲ. ಅದನ್ನು ಕಾಯಿದೆಯಲ್ಲಿಯೇ ನೆಲೆಗೊಳಿಸಬೇಕು.

ರಾಜ್ಯಾಂಗದ ಕೊರತೆಯನ್ನು 1804ರಲ್ಲಿ ಜಾರಿಗೆ ಬಂದ ಹನ್ನೆರಡನೆಯ ತಿದ್ದುಪಡಿಯು ಸರಿಪಡಿಸಿತು. ಅಂದಿನಿಂದ ಅಧ್ಯಕ್ಷನಿಗೂ ಉಪಾಧ್ಯಕ್ಷನಿಗೂ ಪ್ರತ್ಯೇಕವಾಗಿ ಮತ. ಅದೇ ವರ್ಷ ಜುಲೈ 11ರಂದು ಬರ್ ಅವರು ದ್ವಂದ್ವಯುದ್ಧದಲ್ಲಿ ಹ್ಯಾಮಿಲ್ಟನ್ನರಿಗೆ ಗುಂಡು ಹೊಡೆದರು. ಮರುದಿನ ಹ್ಯಾಮಿಲ್ಟನ್ನರು ಮೃತರಾದರು. ಉಪಾಧ್ಯಕ್ಷನೊಬ್ಬನು ಮಾಜಿ ಮಂತ್ರಿಯನ್ನು ಕೊಂದ ಆ ಬೆಳಗ್ಗೆ, ರಾಜಕೀಯದ ಜಗಳವು ಮತದ ಪೆಟ್ಟಿಗೆಯ ಮೇರೆಯನ್ನು ದಾಟಿದರೆ ಎಲ್ಲಿಗೆ ಹೋಗಿ ನಿಲ್ಲುತ್ತದೆಂಬುದು ಎಲ್ಲರಿಗೂ ಕಂಡಿತು.

ಮರೆಯಬಾರದ ಒಂದು ಮಾತು

ಈ ಕಥೆಯನ್ನು ಬರಿಯ ಮಂಗಳಾರತಿಯಿಂದ ಮುಗಿಸುವುದು ನ್ಯಾಯವಲ್ಲ. ಜನತೆಯ ಜಯವೆಂದು ಹೊಗಳಿಸಿಕೊಂಡ 1800ರ ಚುನಾವಣೆಯಲ್ಲಿ ಮತವಿದ್ದುದು ಬಹುಮಟ್ಟಿಗೆ ಆಸ್ತಿಯುಳ್ಳ ಬಿಳಿಯ ಗಂಡಸರಿಗೆ. ಗುಲಾಮರಿಗೆ ಮತವಿಲ್ಲ, ಆದರೆ ಸಂಸ್ಥಾನದ ಪ್ರತಿನಿಧಿಗಳ ಮತ್ತು ನಿರ್ವಾಚಕರ ಸಂಖ್ಯೆಯನ್ನು ಕಟ್ಟುವಾಗ ಐವರು ಗುಲಾಮರನ್ನು ಮೂವರೆಂದು ಲೆಕ್ಕಕ್ಕೆ ಹಿಡಿಯುತ್ತಿದ್ದರು. ದುಡಿಯುವ ಮೈ ಲೆಕ್ಕಕ್ಕೆ ಬೇಕು, ಅದರ ಮಾತು ಬೇಡ. ಹೀಗೆ ದಕ್ಷಿಣಕ್ಕೆ ದೊರೆತ ಅಧಿಕ ನಿರ್ವಾಚಕರಿಲ್ಲದಿದ್ದರೆ ಆಡಮ್ಸರೇ ಗೆಲ್ಲುತ್ತಿದ್ದರೆಂದು ಅನೇಕ ಚರಿತ್ರಕಾರರು ಲೆಕ್ಕ ಹಾಕಿದ್ದಾರೆ. ಸರ್ವರೂ ಸಮಾನರೆಂದು ಬರೆದ ಜೆಫರ್ಸನ್ನರು ತಮ್ಮ ಜೀವಮಾನದಲ್ಲಿ 600ಕ್ಕೂ ಹೆಚ್ಚು ಮಂದಿ ಗುಲಾಮರ ಒಡೆಯರಾಗಿದ್ದರು. ಎರಡು ಪಕ್ಷಗಳೂ ತಮ್ಮ ತಮ್ಮೊಳಗೆ ಶಾಂತಿಯಿಂದ ಅಧಿಕಾರವನ್ನು ಬದಲಾಯಿಸಿಕೊಂಡವು. ಯಾರನ್ನು ಕೇಳದೆ ಬದಲಾಯಿಸಿಕೊಂಡವೋ ಅವರ ಋಣವು ಬೆಳೆಯುತ್ತಲೇ ಹೋಯಿತು. 1860ರಲ್ಲಿ ಅಬ್ರಹಾಂ ಲಿಂಕನ್ನರು ಆರಿಸಿಬಂದಾಗ ದಕ್ಷಿಣದ ಸಂಸ್ಥಾನಗಳು ಸೋಲನ್ನು ಒಪ್ಪದೆ ಒಕ್ಕೂಟವನ್ನೇ ಬಿಟ್ಟುಹೋದವು. ಸೋತವರು ತಮ್ಮ ಕರ್ತವ್ಯವನ್ನು ನಿರಾಕರಿಸಿದುದಕ್ಕೆ ಆ ದೇಶವು 1861ರಿಂದ 1865ರವರೆಗಿನ ಯುದ್ಧದ ಬೆಲೆಯನ್ನು ತೆತ್ತಿತು.

ಎರಡು ಶತಮಾನಗಳ ಅಭ್ಯಾಸವೂ ಇದಕ್ಕೆ ಪೂರ್ಣ ರಕ್ಷಣೆಯಲ್ಲವೆಂಬುದು 2021ರ ಜನವರಿ 6ರಂದು ಗೊತ್ತಾಯಿತು. ಅಂದು ನಿರ್ವಾಚಕರ ಮತಗಳನ್ನು ಎಣಿಸುತ್ತಿದ್ದ ಅದೇ ಶಾಸನಭವನಕ್ಕೆ ಸೋತ ಅಧ್ಯಕ್ಷರ ಅನುಯಾಯಿಗಳ ಗುಂಪು ನುಗ್ಗಿತು. ಆದರೆ ಅದೇ ರಾತ್ರಿ ಸಭೆಯು ಮತ್ತೆ ಸೇರಿತು, ಎಣಿಕೆಯು ಮುಂದುವರಿಯಿತು, ಬೆಳಗಾಗುವುದರೊಳಗೆ ಮುಗಿಯಿತು. ಭವನದ ಗೋಡೆಗಳು ತಡೆಯಲಾರದುದನ್ನು ಪದ್ಧತಿಯು ತಡೆಯಿತು. ಆ ಪದ್ಧತಿಯ ಅಡಿಗಲ್ಲನ್ನು ಇಟ್ಟವರಲ್ಲಿ ಖಾಲಿ ಚೀಟಿ ಹಾಕಿದ ಬೇಯರ್ಡರೂ, ಸಭೆಗೆ ಬಾರದೆ ಉಳಿದ ಮಾರಿಸರೂ, ನಸುಕಿನಲ್ಲಿ ಊರು ಬಿಟ್ಟ ಆಡಮ್ಸರೂ ಸೇರಿದ್ದಾರೆ. ಇವರೆಲ್ಲರೂ ಸೋತ ಪಕ್ಷದವರೆಂಬುದನ್ನು ವಾಚಕರು ಲಕ್ಷಿಸಬೇಕು.

ಆಡಮ್ಸರೂ ಜೆಫರ್ಸನ್ನರೂ ಮತ್ತೆ ಮಾತಾಡಿದರೇ? ಹನ್ನೊಂದು ವರ್ಷ ಇಲ್ಲ. ಇಬ್ಬರಿಗೂ ಮಿತ್ರರಾದ ವೈದ್ಯ ಬೆಂಜಮಿನ್ ರಷ್ಷರು ಬಿಡದೆ ಇಬ್ಬರನ್ನೂ ಒಲಿಸಿದ ಮೇಲೆ 1812ರ ಹೊಸ ವರ್ಷದ ದಿನ ಆಡಮ್ಸರು ಹಳೆಯ ವೈರಿಗೆ ಒಂದು ಸಣ್ಣ ಕಾಗದ ಬರೆದರು. ಜೆಫರ್ಸನ್ನರು ಕೂಡಲೇ ಉತ್ತರ ಬರೆದರು. ಅಂದಿನಿಂದ ಹದಿನಾಲ್ಕು ವರ್ಷ ಆ ಇಬ್ಬರು ವೃದ್ಧರು ಧರ್ಮ, ಗ್ರಂಥ, ವಾರ್ಧಕ್ಯ, ಹಿಂದಿನ ಜಗಳ ಎಲ್ಲವನ್ನೂ ಕುರಿತು ನೂರಕ್ಕೂ ಹೆಚ್ಚು ಪತ್ರಗಳಲ್ಲಿ ವಾದಿಸಿದರು. ಅಭಿಪ್ರಾಯಭೇದವು ಹೋಗಲಿಲ್ಲ, ವೈರವು ಹೋಯಿತು. 1826ರ ಜುಲೈ 4ರಂದು, ಸ್ವಾತಂತ್ರ್ಯಘೋಷಣೆಗೆ ಸರಿಯಾಗಿ ಐವತ್ತು ವರ್ಷ ತುಂಬಿದ ದಿನ, ಕೆಲವು ಗಂಟೆಗಳ ಅಂತರದಲ್ಲಿ ಇಬ್ಬರೂ ತೀರಿಕೊಂಡರು.

ಪಕ್ಷಗಳಿಲ್ಲದ ಪ್ರಜಾಪ್ರಭುತ್ವವನ್ನು ಬಯಸುವವರು ಫಿಲಡೆಲ್ಫಿಯಾದ ಹಿರಿಯರಂತೆ ಮನುಷ್ಯಸ್ವಭಾವವನ್ನು ಮರೆತವರು. ಪಕ್ಷಗಳಿರಲಿ, ವಾದವಿರಲಿ, ಪತ್ರಿಕೆಗಳು ಖಂಡಿಸಲಿ. ಎದುರು ಪಕ್ಷದವನು ನನ್ನ ಅಭಿಪ್ರಾಯಕ್ಕೆ ವಿರೋಧಿಯೇ ಹೊರತು ದೇಶಕ್ಕೆ ದ್ರೋಹಿಯಲ್ಲ, ನಾಳೆ ನನ್ನ ಆಸನದಲ್ಲಿ ಅವನು ಕುಳಿತರೂ ದೇಶವು ಉಳಿದಿರುತ್ತದೆ ಎಂಬ ನಂಬಿಕೆಯೊಂದು ಇಬ್ಬರಲ್ಲಿಯೂ ಇದ್ದರೆ ಸಾಕು. ಅಧಿಕಾರಕ್ಕೆ ಬರುವ ಪ್ರತಿಯೊಬ್ಬರೂ ಅದನ್ನು ಬಿಟ್ಟುಕೊಡುವ ದಿನವನ್ನು ಮೊದಲ ದಿನವೇ ನೆನೆದು ನಡೆದರೆ ಪ್ರಜೆಗಳಿಗೂ ಕ್ಷೇಮ, ಅವರಿಗೂ ಗೌರವ.